ಕೋಲಕ್ಕೆ (ದೈವಕ್ಕೆ ನಡೆಸುವ ಆರಾಧನೆಗೆ) ಕರೆಯುವ ಕಾಗದ ತಂದ ನೆರೆಯವರು ನಿಮ್ಮ ಹತ್ರ ಮಾತು ಬಿಟ್ಟಿದ್ದಾರೆ, ಏನು ಮಾಡುದು ಅಂತ ಕೇಳಿದ್ರಲ್ಲ, ಅದಕ್ಕೆ ನನ್ನ ಉತ್ತರ

ಅವರು ಮಾತು ಬಿಟ್ಟದ್ದು ಯೇಸುವಿನ ಹೆಸರು ಕೇಳಿ ಅಲ್ಲ ಅಂತ ಕಾಣ್ತದೆ, ಕಾಗದ ಹಿಡ್ಕೊಂಡು ಜಗಲಿಗೆ ಬಂದವರಿಗೆ ನೀವು ಕೂತ್ಕೊಳ್ಳಿ ಅನ್ನುವ ಮೊದಲೇ "ಇದೆಲ್ಲ ಬರೀ ವಿಗ್ರಹ" ಅಂದ್ರಲ್ಲ, ಅದಕ್ಕೆ. ನಮ್ಮ ಕಾಸರಗೋಡಿನ ಕುಂಬಳೆ ಬದಿಯಲ್ಲಿ ದೈವ ಅಂದ್ರೆ ಕುಟುಂಬ, ಜಾಗೆ, ಹಿರಿಯರು ಎಲ್ಲ ಸೇರಿದ್ದು ಮಾರಾಯ್ರೆ, ಅವರಿಗೆ ಅಜ್ಜನನ್ನೇ ಬೈದ ಹಾಗಾಗಿದೆ. ನಾನೂ ಇದೇ ಎಡವಟ್ಟು ಮಾಡಿದವ.

ಮೊದಲು ಹೋಗಿ "ಅವತ್ತು ನಾನು ಹೇಳಿದ ರೀತಿ ಸರಿ ಆಗ್ಲಿಲ್ಲ" ಅನ್ನಿ, ಅಷ್ಟೇ, ಅದರ ಬಾಲಕ್ಕೆ ಸುವಾರ್ತೆ (ಯೇಸುವಿನ ಸಂದೇಶ) ಕಟ್ಟಬೇಡಿ. ಆಮೇಲೆ ಅವರ ದೈವದ ಕಥೆ ಅವರ ಬಾಯಲ್ಲೇ ಕೇಳಿ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯ ತೆಗೆದು ನೋಡಿ, ಅಥೇನೆಯಲ್ಲಿ ಊರು ತುಂಬ ವಿಗ್ರಹ ಕಂಡು ಸುವಾರ್ತೆ ಸಾರಲು ಬಂದ ಪೌಲನ ಮನಸ್ಸು ಕುದೀತು, ಆದ್ರೂ ಬಾಯಿ ತೆರೆದಾಗ ಶುರು ಮಾಡಿದ್ದು 'ತಿಳಿಯದ ದೇವರಿಗೆ' ಅಂತ ಬರೆದ ಅವರದ್ದೇ ಬಲಿಪೀಠದಿಂದ, ಅವರ ಕವಿಗಳ ಮಾತನ್ನೂ ಎತ್ತಿದ. ಹಾಗಂತ ವಿಷಯ ಬಿಡ್ಲಿಲ್ಲ, ಯೇಸು ಸತ್ತು ಎದ್ದು ಬಂದ ಪುನರುತ್ಥಾನದ ವರೆಗೂ ಹೇಳಿದ, ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳ್ತೇವೆ ಅಂದ್ರು.

ದೈವದ ಪ್ರಸಾದ ಕೊಟ್ರೆ ತಿನ್ನಬಹುದಾ ಅಂತಲೂ ಕೇಳಿದ್ರಿ. ವಿಗ್ರಹಕ್ಕೆ ಅರ್ಪಿಸಿದ್ದು ಅಂತ ಹೇಳಿ ಕೊಟ್ರೆ ತಿನ್ನಬೇಡಿ ಅಂತ ಬೈಬಲಿನ 1 ಕೊರಿಂಥ 10ನೇ ಅಧ್ಯಾಯದಲ್ಲಿ ಉಂಟು. ನಾನು ಕೈಮುಗಿದು "ಇದು ಬೇಡ, ಒಂದು ಚಾ ಕೊಡಿ" ಅಂತೇನೆ, ಇದುವರೆಗೆ ಯಾರೂ ಬೇಜಾರು ಮಾಡ್ಲಿಲ್ಲ. ಕೋಲಕ್ಕೆ ಹೋಗಿ ನಿಲ್ಲಬಹುದಾ ಅನ್ನುದರಲ್ಲಿ ನನಗೇ ಇನ್ನೂ ಗೊಂದಲ, ನಿಮ್ಮ ಸಭೆಯ ಪಾಸ್ಟರ್ ಹತ್ರ ಕೇಳಿ. ಕಾಗದ ಮಾತ್ರ ಎರಡೂ ಕೈಯಲ್ಲಿ ತಗೊಳ್ಳಿ.