ಫ್ರೆಡ್ ಆಸ್ಟೈರ್ ಯಾರು? ನಮ್ಮ ಕುಣಿತ ಕಲಿಯುವ ಮಕ್ಕಳು ಅವರನ್ನು ಯಾಕೆ ನೋಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮಗಳಿಗೆ 12 ವರ್ಷ, ಭರತನಾಟ್ಯ ಕಲಿಯುತ್ತಿದ್ದಾಳೆ. ಅವಳ ಟೀಚರ್ ‘ಫ್ರೆಡ್ ಆಸ್ಟೈರ್ ಕುಣಿತ ನೋಡು’ ಅಂದಿದ್ದಾರೆ. ನೀವು ಹುಡುಕಿದರೆ ಕೋಟು, ಟೋಪಿ, ಕೈಯಲ್ಲೊಂದು ಕೋಲು ಹಿಡಿದ ಹಳೇ ಹಾಲಿವುಡ್ ನಟ ಸಿಕ್ಕಿದ್ದಾರೆ. ಇವರು ಯಾರು, ನಮ್ಮ ಮಕ್ಕಳಿಗೆ ಇವರಿಂದ ಏನು ಸಿಗುತ್ತೆ, ಯಾವುದನ್ನು ಮೊದಲು ನೋಡಬೇಕು ಅಂತ ಕೇಳಿದ್ದೀರಿ.

ಆ ಟೀಚರ್ ಒಳ್ಳೆಯದನ್ನೇ ಹೇಳಿದ್ದಾರೆ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ನಾನು ಹೊಸನಗರ ತಾಲ್ಲೂಕಿನವನು. ಅಡಿಕೆ ತೋಟ ಇದೆ. ಕೆಲವು ವರ್ಷ ಬಡಗುತಿಟ್ಟಿನ (ಯಕ್ಷಗಾನದ ಬಡಗು ಶೈಲಿಯ) ಮೇಳದಲ್ಲಿ ತಿರುಗಾಟ ಮಾಡಿದ್ದೇನೆ. ಈಗ ಭಾನುವಾರ ಊರಿನ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಹೇಳಿಕೊಡುತ್ತೇನೆ. ಆಸ್ಟೈರ್ ಅವರ ಟ್ಯಾಪ್ ಡ್ಯಾನ್ಸ್, ಅಂದರೆ ಬೂಟಿನಿಂದ ನೆಲಕ್ಕೆ ತಾಳ ಬಡಿಯುತ್ತ ಕುಣಿಯುವುದು, ಕಲಿತವನಲ್ಲ. ಹಾಗಾಗಿ ಇದು ಒಬ್ಬ ವೇಷಧಾರಿ ಕಂಡ ಆಸ್ಟೈರ್.

ಮೊದಲು ನನ್ನದೇ ಒಂದು ಅನುಭವ. ಒಂದು ಸಲ ನಮ್ಮ ಕಡೆಯ ಯಕ್ಷಗಾನದ ಆಟವನ್ನು ವಿಡಿಯೋ ಮಾಡಿಸಿದ್ದರು. ಅವತ್ತು ನನ್ನದು ಅಭಿಮನ್ಯು. ಅಮ್ಮನಿಗೆ ಹುಷಾರಿಲ್ಲದೆ ಆಟಕ್ಕೆ ಬರಲು ಆಗಿರಲಿಲ್ಲ. ಸಿ.ಡಿ. ಬಂದ ದಿನ ಮನೆಯವರೆಲ್ಲ ಕೂತು ನೋಡಿದೆವು. ನಾನು ಮಂಡಿ (ಮೊಣಕಾಲೂರಿ ಗಿರಗಿರ ತಿರುಗುವ ಕುಣಿತ) ಹಾಕಲು ಬಗ್ಗಿದೆ, ಕ್ಯಾಮೆರಾ ಮುಖಕ್ಕೆ ಹೋಯಿತು. ಆಮೇಲೆ ಚೆಂಡೆಯವರ ಕೈ. ಆಮೇಲೆ ಮುಂದೆ ಕೂತ ಜನ. ಮತ್ತೆ ನನ್ನ ಕಡೆ ಬರುವಷ್ಟರಲ್ಲಿ ನಾನು ಎದ್ದು ನಿಂತಾಗಿತ್ತು. ‘ಮಂಡಿ ಯಾವಾಗ ಹಾಕಿದೆಯೋ ಮಾರಾಯ, ಕಾಣ್ಲೇ ಇಲ್ವಲ್ಲ’ ಅಂದರು ಅಮ್ಮ. ಮಂಡಿ ಕಲಿಯಲು ಎರಡು ಮಳೆಗಾಲ ಹಿಡಿದಿತ್ತು. ಮೊಣಕಾಲಿನ ಚರ್ಮ ಎಷ್ಟು ಸಲ ಕಿತ್ತುಹೋಗಿತ್ತೋ. ಅಮ್ಮನಿಗೆ ಕೊನೆಗೂ ಅದನ್ನು ತೋರಿಸಲು ಆಗಲಿಲ್ಲ. ಆ ನೋವು ಈಗಲೂ ಇದೆ.

ಇದಾಗಿ ಒಂದೆರಡು ವರ್ಷಕ್ಕೆ, ಒಂದು ಆಷಾಢದಲ್ಲಿ, ಸಾಗರದ ಗೆಳೆಯನ ಮನೆಯಲ್ಲಿ ಆಸ್ಟೈರ್ ಅವರನ್ನು ಮೊದಲ ಸಲ ನೋಡಿದೆ. ಮಳೆಗಾಲ, ಮೇಳಕ್ಕೆ ತಿರುಗಾಟ ಇಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಹಳೇ ಸಿನಿಮಾ ಒಂದು ಓಡುತ್ತಿತ್ತು. ಎರಡು ನಿಮಿಷ ಆಗಿರಬಹುದು, ನನಗೆ ತಟ್ಟನೆ ಹೊಳೆಯಿತು: ಈ ಮನುಷ್ಯ ತಲೆಯಿಂದ ಬೂಟಿನವರೆಗೆ ಪೂರ್ತಿ ಕಾಣುತ್ತಿದ್ದಾರೆ! ಒಂದು ಹೆಜ್ಜೆಯೂ ತಪ್ಪಿಹೋಗುತ್ತಿಲ್ಲ. ರಂಗಸ್ಥಳದ ಎದುರು ಕೂತ ಹಾಗೇ ಇದೆ.

ಅದು ಸುಮ್ನೆ ಹಾಗಾಗಿದ್ದಲ್ಲ, ಅವರು ಹಟ ಹಿಡಿದು ಮಾಡಿಸಿಕೊಂಡದ್ದು. 1933ರ ಹೊತ್ತಿಗೆ ಹಾಲಿವುಡ್ಡಿನಲ್ಲಿ ಬಸ್ಬಿ ಬರ್ಕ್ಲಿ ಅನ್ನುವವರ ಶೈಲಿ ಜೋರಾಗಿತ್ತು. ಹತ್ತಾರು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಕ್ಯಾಮೆರಾವನ್ನು ನೆತ್ತಿಯ ಮೇಲೆ ಇಟ್ಟು, ರಂಗೋಲಿಯ ಹಾಗೆ ಚಿತ್ರ ಮೂಡಿಸುತ್ತಿದ್ದರು. ನೋಡಲು ಚೆಂದವೇ. ಆದರೆ ಅಲ್ಲಿ ಕುಣಿಯುವುದು ಕ್ಯಾಮೆರಾ. ಆಸ್ಟೈರ್ ಬಂದವರು ಇದನ್ನು ಪೂರ್ತಿ ತಿರುಗಿಸಿದರು. ಕುಣಿಯುವವರ ಇಡೀ ದೇಹ ಚೌಕಟ್ಟಿನೊಳಗೆ ಇರಬೇಕು, ಕಟ್ ಆದಷ್ಟೂ ಕಡಿಮೆ ಇರಬೇಕು, ನಡುವೆ ಬೇರೆಯವರ ಮುಖ ತೋರಿಸಬಾರದು. ಕ್ಯಾಮೆರಾ ಅವರ ಜೊತೆ ಗಾಲಿಯ ಮೇಲೆ ಮೆಲ್ಲಗೆ ಹಿಂದೆ ಮುಂದೆ ಹೋಗುತ್ತೆ, ಅಷ್ಟೇ. ತಪ್ಪಿದರೆ ಮುಚ್ಚಿಕೊಳ್ಳಲು ಜಾಗವೇ ಇಲ್ಲ. ಮೂರು ನಿಮಿಷದ ಕುಣಿತದಲ್ಲಿ ಕೊನೆಯ ಹೆಜ್ಜೆ ತಪ್ಪಿದರೂ ಮತ್ತೆ ಮೊದಲಿನಿಂದ.

ಈಗ ಅವರ ಬದುಕು. ಹುಟ್ಟಿದ್ದು 1899ರ ಮೇ 10ರಂದು, ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ. ಮನೆತನದ ಹೆಸರು ಆಸ್ಟರ್‌ಲಿಟ್ಜ್. ಅಪ್ಪ ಆಸ್ಟ್ರಿಯಾದಿಂದ ವಲಸೆ ಬಂದವರು, ಬಿಯರ್ ತಯಾರಿಸುವ ಕಂಪನಿಯಲ್ಲಿ ಕೆಲಸ. ಮನೆಯಲ್ಲಿ ಕುಣಿತದ ಪ್ರತಿಭೆ ಅಂತ ಎಲ್ಲರೂ ಗುರುತಿಸಿದ್ದು ಇವರನ್ನಲ್ಲ, ಅಕ್ಕ ಅಡೆಲ್ ಅವರನ್ನು. 1905ರಲ್ಲಿ ಅಮ್ಮ ಇಬ್ಬರನ್ನೂ ನ್ಯೂಯಾರ್ಕಿಗೆ ಕರೆದುಕೊಂಡು ಹೋಗಿ ಡ್ಯಾನ್ಸ್ ಶಾಲೆಗೆ ಸೇರಿಸಿದರು. ಅದೇ ವರ್ಷ ಅಕ್ಕ ತಮ್ಮ ವಾಡ್‌ವಿಲ್ ರಂಗಕ್ಕೆ ಇಳಿದರು. ವಾಡ್‌ವಿಲ್ ಅಂದರೆ ಊರೂರು ತಿರುಗಿ ಹಾಡು, ಕುಣಿತ, ಹಾಸ್ಯ ಎಲ್ಲ ತೋರಿಸುವ ತಂಡಗಳು. ಆರು ವರ್ಷದ ಹುಡುಗನಿಗೆ ರೈಲು, ಲಾಡ್ಜು, ಬಣ್ಣ ಹಚ್ಚುವ ಚೌಕಿ ಇವೇ ಮನೆ. ಮೇಳದಲ್ಲಿ ಬಾಲಗೋಪಾಲ ವೇಷ ಕಟ್ಟಿಕೊಂಡು ಬೆಳೆದ ಮಕ್ಕಳನ್ನು ನಾನು ಕಂಡಿದ್ದೇನೆ, ಆದ್ದರಿಂದ ಇದು ನನಗೆ ಹತ್ತಿರದ ಕಥೆ.

ಮುಂದೆ ಇಬ್ಬರೂ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಗಳಲ್ಲಿ, ಲಂಡನ್ನಿನಲ್ಲಿ ದೊಡ್ಡ ಹೆಸರು ಮಾಡಿದರು. 1924ರ ‘ಲೇಡಿ, ಬಿ ಗುಡ್’ ನಾಟಕಕ್ಕೆ ಸಂಗೀತ ಜಾರ್ಜ್ ಗರ್ಶ್ವಿನ್ ಅವರದು. ಆಗಲೂ ಜನ ಅಡೆಲ್ ಅವರನ್ನೇ ಹೆಚ್ಚು ಮೆಚ್ಚುತ್ತಿದ್ದರು. ಅಕ್ಕನಿಗೆ ಎಲ್ಲವೂ ಸಲೀಸು. ತಮ್ಮನಿಗೆ ಯಾವಾಗಲೂ ಚಿಂತೆ: ಇನ್ನೊಂದು ಸಲ ಮಾಡೋಣ, ಇದು ಸರಿಯಾಗಿಲ್ಲ, ಮತ್ತೊಂದು ಸಲ. ಸದಾ ಗೊಣಗುತ್ತಾನೆ ಅಂತ ಅಕ್ಕ ಅವರಿಗೆ ಅಡ್ಡಹೆಸರನ್ನೂ ಇಟ್ಟಿದ್ದರು. 1932ರಲ್ಲಿ ಅಡೆಲ್ ಇಂಗ್ಲೆಂಡಿನ ಶ್ರೀಮಂತ ಮನೆತನದವರನ್ನು ಮದುವೆಯಾಗಿ ರಂಗ ಬಿಟ್ಟರು. 27 ವರ್ಷದ ಜೋಡಿ ಮುರಿಯಿತು. ಫ್ರೆಡ್ ಅವರಿಗೆ ಆಗ 33. ತಲೆಗೂದಲು ಉದುರುತ್ತಿದೆ, ತೆಳ್ಳಗಿನ ಮೈ, ದೊಡ್ಡ ಕಿವಿ. ಒಬ್ಬರೇ ಏನು ಮಾಡುತ್ತಾರೆ ಅಂತ ಅನುಮಾನ ಇದ್ದದ್ದು ಸಹಜ ಅಲ್ವಾ?

1933ರಲ್ಲಿ ಸಿನಿಮಾಕ್ಕೆ ಬಂದರು. ಎರಡನೇ ಸಿನಿಮಾ ‘ಫ್ಲೈಯಿಂಗ್ ಡೌನ್ ಟು ರಿಯೊ’. ಅದರಲ್ಲಿ ಜೊತೆಗಾತಿ ಗಿಂಜರ್ ರಾಜರ್ಸ್. ಇಬ್ಬರೂ ನಾಯಕ ನಾಯಕಿ ಕೂಡ ಅಲ್ಲ, ಆದರೂ ಜನ ಇವರನ್ನೇ ಹಿಡಿದುಕೊಂಡರು. 1939ರವರೆಗೆ ಆರ್‌ಕೆಒ ಕಂಪನಿಗೆ ಒಟ್ಟು 9 ಸಿನಿಮಾ, ಆಮೇಲೆ 1949ರಲ್ಲಿ ಇನ್ನೊಂದು. ಆ ಕಾಲದಲ್ಲಿ ಅಮೆರಿಕದಲ್ಲಿ ದುಡಿಮೆ ಇಲ್ಲದೆ ಜನ ಕಂಗಾಲಾಗಿದ್ದರು. ಅಂಥ ಜನ ಟಿಕೆಟ್ ಕೊಂಡು ಹೋಗಿ ಇವರ ಕುಣಿತ ನೋಡಿದರು.

ಆ ಕುಣಿತದ ಹಿಂದೆ ಹರ್ಮಿಸ್ ಪ್ಯಾನ್ ಅಂತ ಒಬ್ಬರಿದ್ದರು. ನಿಮ್ಮ ಮಗಳಿಗೆ ಅವರ ಹೆಸರನ್ನೂ ಹೇಳಿ. ಆಸ್ಟೈರ್ ಮತ್ತು ಪ್ಯಾನ್ ಇಬ್ಬರೇ ವಾರಗಟ್ಟಲೆ ಕೋಣೆಯೊಳಗೆ ಕುಣಿದು ಹೆಜ್ಜೆ ಕಟ್ಟುತ್ತಿದ್ದರು. ಗಿಂಜರ್ ಅವರ ಭಾಗವನ್ನು ಪ್ಯಾನ್ ಕುಣಿಯುತ್ತಿದ್ದರು, ಆಮೇಲೆ ಆಕೆಗೆ ಕಲಿಸುತ್ತಿದ್ದರು. ಸಿನಿಮಾದಲ್ಲಿ ನಾವು ಕೇಳುವ ಬೂಟಿನ ಸದ್ದನ್ನು ಸಾಮಾನ್ಯವಾಗಿ ಶೂಟಿಂಗ್ ಮುಗಿದ ಮೇಲೆ ಬೇರೆಯಾಗಿ ರೆಕಾರ್ಡ್ ಮಾಡುತ್ತಿದ್ದರು. ತೆರೆಯ ಮೇಲಿನ ಪ್ರತಿಯೊಂದು ಪೆಟ್ಟಿಗೆ ಸರಿಯಾಗಿ ಮತ್ತೆ ಕುಣಿಯಬೇಕು. ತಾಳ ಒಂದು ಕೂದಲೆಳೆ ಆಚೆ ಈಚೆ ಆದರೂ ಗೊತ್ತಾಗುತ್ತೆ.

ಗಿಂಜರ್ ಅವರ ಶ್ರಮವನ್ನು ಜನ ಕಡಿಮೆ ಹೇಳುತ್ತಾರೆ. 1936ರ ‘ಸ್ವಿಂಗ್ ಟೈಮ್’ ಸಿನಿಮಾದ ಕೊನೆಯ ಕುಣಿತಕ್ಕೆ 40ಕ್ಕೂ ಹೆಚ್ಚು ಟೇಕ್ ಆಯಿತು. ಆಕೆಯ ಪಾದದಿಂದ ರಕ್ತ ಬಂದಿತ್ತು. ತೆರೆಯ ಮೇಲೆ ಮುಖದಲ್ಲಿ ಅದರ ಒಂದು ಸುಳಿವೂ ಇಲ್ಲ. 1935ರ ‘ಟಾಪ್ ಹ್ಯಾಟ್’ನಲ್ಲಿ ಆಕೆ ಉಷ್ಟ್ರಪಕ್ಷಿಯ ಗರಿಯ ಉಡುಪು ಹಾಕಿಕೊಂಡು ಬಂದರು. ತಿರುಗಿದಾಗಲೆಲ್ಲ ಗರಿ ಉದುರಿ ಆಸ್ಟೈರ್ ಅವರ ಕೋಟಿಗೆ, ಕಣ್ಣಿಗೆ, ಮೂಗಿಗೆ. ಅವರಿಗೆ ಸಿಟ್ಟು ಬಂತು. ಆಕೆ ಉಡುಪು ಬದಲಿಸಲಿಲ್ಲ. ಒಂದೊಂದೇ ಗರಿಯನ್ನು ಹೊಲಿದು ಬಿಗಿ ಮಾಡಿದ ಮೇಲೆ ಶೂಟಿಂಗ್ ನಡೆಯಿತು. ಕಡೆಗೆ ನೋಡಿದರೆ ಆಕೆ ಹೇಳಿದ್ದೇ ಸರಿ. ಆಕೆ ಹಿಂದಕ್ಕೆ ಬಾಗಿದಾಗ ಆ ಗರಿಗಳು ಅರ್ಧ ಕ್ಷಣ ತಡವಾಗಿ ಹಿಂಬಾಲಿಸುತ್ತವೆ, ಕುಣಿತಕ್ಕೇ ಉಸಿರು ಬಂದ ಹಾಗೆ. ಗಮನವಿಟ್ಟು ನೋಡಿದರೆ ಈಗಲೂ ಒಂದೆರಡು ಗರಿ ನೆಲಕ್ಕೆ ಬೀಳುವುದು ಕಾಣುತ್ತೆ. ಆಸ್ಟೈರ್ ಆಮೇಲೆ ಚಿನ್ನದ ಪುಟ್ಟ ಗರಿಯೊಂದನ್ನು ಆಕೆಗೆ ಉಡುಗೊರೆ ಕೊಟ್ಟರು.

ಕೈ ಬಗ್ಗೆ ಒಂದು ಮಾತು. ಮಕ್ಕಳು ಇದನ್ನು ಖಂಡಿತ ನೋಡಬೇಕು. ಆಸ್ಟೈರ್ ಅವರ ಅಂಗೈ, ಬೆರಳು ಮೈಗೆ ಹೋಲಿಸಿದರೆ ತುಂಬ ದೊಡ್ಡವು. ಅದು ಎದ್ದು ಕಾಣಬಾರದು ಅಂತ ಕುಣಿಯುವಾಗ ನಡುವಿನ ಎರಡು ಬೆರಳನ್ನು ಒಳಕ್ಕೆ ಮಡಚುತ್ತಿದ್ದರು. ವಿಡಿಯೋ ನಿಲ್ಲಿಸಿ ನೋಡಿ, ಗೊತ್ತಾಗುತ್ತೆ. ಕೊರತೆಯೇ ಅವರ ಅಂದವಾಯಿತು. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಒಬ್ಬಳು ತುಂಬ ಉದ್ದ ಕೈಯ ಹುಡುಗಿ. ಕೈ ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಮೈಗೆ ಅಂಟಿಸಿಕೊಂಡು ಕುಣಿಯುತ್ತಿದ್ದಳು. ಅವಳಿಗೆ ಇದನ್ನು ತೋರಿಸಿದ ಮೇಲೆ ತನ್ನ ಕೈಯನ್ನು ತಾನೇ ನೋಡಿಕೊಂಡು ಕುಣಿಯಲು ಶುರು ಮಾಡಿದಳು.

1951ರ ‘ರಾಯಲ್ ವೆಡ್ಡಿಂಗ್’ನಲ್ಲಿ ಅವರು ಗೋಡೆ ಹತ್ತಿ, ಛಾವಣಿಯ ಒಳಮೈಗೆ ಕಾಲೂರಿ ತಲೆಕೆಳಗಾಗಿ ಕುಣಿಯುತ್ತಾರೆ. ಕಂಪ್ಯೂಟರ್ ಇಲ್ಲದ ಕಾಲ. ಇಡೀ ಕೋಣೆಯನ್ನು ಒಂದು ದೊಡ್ಡ ಪೀಪಾಯಿಯಂಥ ಚೌಕಟ್ಟಿನೊಳಗೆ ಕಟ್ಟಿ ತಿರುಗಿಸಿದರು. ಮೇಜು, ಕುರ್ಚಿ ಎಲ್ಲ ನೆಲಕ್ಕೆ ಬಿಗಿದದ್ದು. ಕ್ಯಾಮೆರಾ ಮತ್ತು ಕ್ಯಾಮೆರಾಮನ್ ಕೂಡ ಕೋಣೆಗೇ ಕಟ್ಟಿಕೊಂಡು ಜೊತೆಗೆ ತಿರುಗುತ್ತಾರೆ, ಹಾಗಾಗಿ ನಮಗೆ ಕೋಣೆ ಅಲುಗಾಡದ ಹಾಗೆ ಕಾಣುತ್ತೆ. ಆಸ್ಟೈರ್ ಮಾತ್ರ ಯಾವಾಗಲೂ ಕೆಳಗಿರುವ ಕಡೆಯೇ ಹೆಜ್ಜೆ ಇಡುತ್ತಿದ್ದಾರೆ. ಯಂತ್ರ ದೊಡ್ಡದು ನಿಜ. ಆದರೆ ಕೋಣೆ ತಿರುಗುವ ಲಯಕ್ಕೆ ಮೈಯ ಭಾರವನ್ನು ಕಾಲಿನಿಂದ ಕಾಲಿಗೆ ದಾಟಿಸಿ, ಎಲ್ಲೂ ಮುಗ್ಗರಿಸದೆ ಕುಣಿದದ್ದು ಆ 51 ವರ್ಷದ ಮನುಷ್ಯನೇ. ಅದೇ ಸಿನಿಮಾದಲ್ಲಿ, ಜೊತೆಗಾತಿ ಅಭ್ಯಾಸಕ್ಕೆ ಬರಲಿಲ್ಲ ಅಂತ, ಟೋಪಿ ನೇತುಹಾಕುವ ಕಂಬದ ಜೊತೆ ಕುಣಿಯುತ್ತಾರೆ. ನನಗೆ ಅದೇ ಜಾಸ್ತಿ ಇಷ್ಟ. ಮರದ ಕಂಬಕ್ಕೆ ಜೀವ ಬರುತ್ತೆ.

ಇದನ್ನು ಹೇಳದೆ ಹೋದರೆ ತಪ್ಪಾಗುತ್ತೆ. ಟ್ಯಾಪ್ ಕುಣಿತವನ್ನು ಬೆಳೆಸಿದವರಲ್ಲಿ ಮುಖ್ಯರು ಅಮೆರಿಕದ ಕಪ್ಪು ಜನ. ಬಿಲ್ ರಾಬಿನ್ಸನ್, ಜಾನ್ ಬಬಲ್ಸ್ ಅಂಥವರಿಂದ ಆಸ್ಟೈರ್ ಕಲಿತಿದ್ದಾರೆ. ಆದರೆ ಅವಕಾಶ, ದುಡ್ಡು, ನಾಯಕನ ಪಾತ್ರ ಸಿಕ್ಕಿದ್ದು ಬಿಳಿಯರಿಗೆ. ‘ಸ್ವಿಂಗ್ ಟೈಮ್’ನಲ್ಲೇ ಆಸ್ಟೈರ್ ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿಯುವ ಒಂದು ಭಾಗ ಇದೆ. ರಾಬಿನ್ಸನ್ ಅವರಿಗೆ ಗೌರವ ಅಂತ ಮಾಡಿದ್ದಂತೆ. ನನಗೆ ಅದು ಸರಿ ಕಾಣುವುದಿಲ್ಲ. ಹೆಜ್ಜೆ ಎಷ್ಟೇ ಚೆನ್ನಾಗಿರಲಿ, ನೋಡುವಾಗ ಮನಸ್ಸಿಗೆ ಕಸಿವಿಸಿ ಆಗುತ್ತೆ. ಮಗಳ ಜೊತೆ ಕೂತು ನೋಡಿದರೆ ಅದು ಯಾಕೆ ತಪ್ಪು ಅಂತ ಮಾತಾಡಿ. ಜೊತೆಗೆ ನಿಕೊಲಸ್ ಸೋದರರನ್ನು ತೋರಿಸಿ. 1943ರ ‘ಸ್ಟಾರ್ಮಿ ವೆದರ್’ ಸಿನಿಮಾದಲ್ಲಿ ಅಣ್ಣ ತಮ್ಮ ಇಬ್ಬರೂ ದೊಡ್ಡ ಮೆಟ್ಟಿಲುಗಳ ಮೇಲೆ ಒಬ್ಬರನ್ನೊಬ್ಬರು ಹಾರಿ, ಕಾಲು ಅಗಲಿಸಿ ಬಿದ್ದು, ಕೈ ಊರದೆ ಏಳುತ್ತ ಇಳಿದು ಬರುತ್ತಾರೆ. ಯಕ್ಷಗಾನದಲ್ಲಿ ದಿಗಿಣ, ಅಂದರೆ ಹಾರಿ ತಿರುಗುವ ಹೆಜ್ಜೆ, ಹಾಕಿ ಗೊತ್ತಿರುವ ನನಗೂ ಅದು ಹೇಗೆ ಸಾಧ್ಯ ಅನಿಸಿತು. ಇಂಥವರ ಕುಣಿತವನ್ನು ಕಥೆಗೆ ಅಂಟದ ಹಾಗೆ ಪ್ರತ್ಯೇಕವಾಗಿ ಇಡುತ್ತಿದ್ದರು. ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯರ ಥಿಯೇಟರುಗಳಲ್ಲಿ ಅದನ್ನು ಕತ್ತರಿಸಿ ಹಾಕಲು ಅನುಕೂಲ ಆಗಲಿ ಅಂತ. ಓದಿದಾಗ ಹೊಟ್ಟೆ ಉರಿಯಿತು.

ಉಳಿದದ್ದು ಚುಟುಕಾಗಿ: ಆಸ್ಟೈರ್ 1946ರಲ್ಲಿ ನಿವೃತ್ತಿ ಅಂದರು. ಇನ್ನೊಬ್ಬ ಕುಣಿತದ ನಟ ಜೀನ್ ಕೆಲ್ಲಿ ಕಾಲು ಮುರಿದುಕೊಂಡಾಗ ಅವರ ಬದಲು ‘ಈಸ್ಟರ್ ಪರೇಡ್’ಗೆ ವಾಪಸ್ ಬಂದರು, ಆ ಸಿನಿಮಾ 1948ರಲ್ಲಿ ತೆರೆಗೆ ಬಂತು. ಹೆಂಡತಿ ಫಿಲಿಸ್ 1954ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅದಾದ ಮೇಲೂ ಕುಣಿದರು. 1958ರಲ್ಲಿ ಟಿವಿಯಲ್ಲಿ ಅವರು ಮಾಡಿದ ಕಾರ್ಯಕ್ರಮ ಬಹಳ ಪ್ರಶಸ್ತಿ ಗೆದ್ದಿತು. 1987ರ ಜೂನ್ 22ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಮೈಕೆಲ್ ಜಾಕ್ಸನ್ ತಮ್ಮ ಆತ್ಮಕಥೆಯನ್ನು ಇವರಿಗೆ ಅರ್ಪಿಸಿದ್ದಾರೆ.

ಎಲ್ಲಿಂದ ಶುರು ಮಾಡಬೇಕು ಅಂದಿರಲ್ಲ, ನನ್ನನ್ನು ಕೇಳಿದರೆ 1953ರ ‘ದ ಬ್ಯಾಂಡ್ ವ್ಯಾಗನ್’ನಲ್ಲಿ ಸಿಡ್ ಚಾರಿಸ್ ಜೊತೆ ಪಾರ್ಕಿನಲ್ಲಿ ಕುಣಿಯುವುದು ಮೊದಲು. ಸಿಡ್ ಚಿಕ್ಕಂದಿನಲ್ಲಿ ಪೋಲಿಯೊ ಬಂದು, ಮೈಗೆ ಬಲ ಬರಲಿ ಅಂತ ಬ್ಯಾಲೆ ಕಲಿತವರು. ಇಬ್ಬರೂ ಸುಮ್ಮನೆ ನಡೆಯುತ್ತಿರುತ್ತಾರೆ. ಮಾತಿಲ್ಲ. ಆಕೆ ಒಂದು ಹೆಜ್ಜೆ ತಿರುಗುತ್ತಾರೆ, ಅವರೂ ತಿರುಗುತ್ತಾರೆ. ನಡಿಗೆ ಎಲ್ಲಿ ಮುಗಿಯಿತು, ಕುಣಿತ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಆಮೇಲೆ ಗರಿಯ ಉಡುಪಿನದು. ಆಮೇಲೆ ಟೋಪಿ ಕಂಬ.

ನೋಡುವಾಗ ಮಗಳ ಕೈಗೆ ಒಂದು ಹಾಳೆ, ಪೆನ್ಸಿಲ್ ಕೊಡಿ. ಶಾಟ್ ಬದಲಾದಾಗಲೆಲ್ಲ ಒಂದು ಗೆರೆ ಹಾಕಲಿ. ಈಗಿನ ಯಾವುದಾದರೂ ಸಿನಿಮಾ ಹಾಡಿಗೂ ಹಾಗೇ ಹಾಕಲಿ. ನಮ್ಮ ಮಕ್ಕಳು ಮಾಡಿದಾಗ ಈಗಿನ ಹಾಡಿಗೆ ಹಾಳೆಯ ಒಂದು ಬದಿ ತುಂಬಿತು. ಪಾರ್ಕಿನ ಕುಣಿತಕ್ಕೆ ಒಂದು ಕೈಯ ಬೆರಳು ಸಾಕಾಯಿತು.

ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಮಂದಾರ್ತಿ ಮೇಳದ ಹರಕೆ ಆಟ ಶುರುವಾಗುತ್ತೆ. ಆಗ ಅವಳನ್ನು ಒಂದು ಆಟಕ್ಕೆ ಕರೆದುಕೊಂಡು ಬನ್ನಿ. ತೀರ ಮುಂದೆ ಕೂರಬೇಡಿ. ನಾಲ್ಕು ಸಾಲು ಹಿಂದೆ ಕೂತರೆ ವೇಷ ತಲೆಯ ಮುಂದಲೆಯಿಂದ ಕಾಲಿನ ಗೆಜ್ಜೆವರೆಗೆ ಪೂರ್ತಿ ಕಾಣುತ್ತೆ.