ಆರ್ಮ್‌ಸ್ಟ್ರಾಂಗ್ ಯಾಕೆ ಅಷ್ಟು ದೂರ?

ಪ್ರಶ್ನೆ: ಲೂಯಿ ಆರ್ಮ್‌ಸ್ಟ್ರಾಂಗ್ ಜಾಝ್‌ನಲ್ಲಿ ಭಾರಿ ಹೆಸರು ಅಂತ ಮಗಳು ಅವನ 1923ರ ರೆಕಾರ್ಡ್‌ಗಳನ್ನು ಮೊಬೈಲಿನಲ್ಲಿ ಹಾಕಿಕೊಟ್ಟಳು. ಪಕ್ಕದ ತೋಟದಲ್ಲಿ ಯಾರೋ ಊದಿದ ಹಾಗಿದೆ. ಡ್ರಮ್ಮಿನ ಸದ್ದೂ ಸರಿಯಾಗಿಲ್ಲ. ಇದರಲ್ಲಿ ಅಂಥದ್ದೇನಿದೆ? ಇನ್ನೊಂದು: ಅಟ್ಟದಲ್ಲಿರುವ ಅಜ್ಜನ ಗ್ರಾಮಫೋನ್ ಪ್ಲೇಟುಗಳಿಗೆ ಬೂಷ್ಟು ಹಿಡಿದಿದೆ. ಹೇಗೆ ಒರೆಸಲಿ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಮ್ಮ ಕಿವಿ ಚೆನ್ನಾಗಿದೆ. ಅವನು ನಿಂತದ್ದೇ ದೂರದಲ್ಲಿ.

1923ರ ಏಪ್ರಿಲ್‌ನಲ್ಲಿ ಆರ್ಮ್‌ಸ್ಟ್ರಾಂಗ್‌ನ ಗುರು ಕಿಂಗ್ ಆಲಿವರ್, ಅವನೂ ಇದ್ದ ತನ್ನ ತಂಡದ ಜೊತೆ ಷಿಕಾಗೋದಿಂದ ಇಂಡಿಯಾನಾದ ರಿಚ್ಮಂಡ್‌ಗೆ ಹೋದ. ಅಲ್ಲಿತ್ತು ಜೆನೆಟ್ ಕಂಪನಿಯ ಸ್ಟುಡಿಯೊ. ಮೈಕ್ ಇಲ್ಲ. ಒಂದು ದೊಡ್ಡ ಕೊಳವೆಯ ಮುಂದೆ ನುಡಿಸಬೇಕು. ಸದ್ದಿನ ಬಲಕ್ಕೇ ಮುಳ್ಳು ಅದುರಿ ಮೇಣದ ಮೇಲೆ ಗೆರೆ ಕೊರೆಯುತ್ತದೆ. ಆಲಿವರ್, ಆರ್ಮ್‌ಸ್ಟ್ರಾಂಗ್ ಇಬ್ಬರ ಕೈಯಲ್ಲೂ ಕಾರ್ನೆಟ್, ಅಂದರೆ ತುತ್ತೂರಿಯಂಥ ವಾದ್ಯ. ಪಕ್ಕದಲ್ಲಿ ನಿಂತರೆ ಗುರುವಿನ ಸದ್ದೇ ಮುಚ್ಚಿಹೋಗುತ್ತಿತ್ತು. ಹಾಗಾಗಿ 21 ವರ್ಷದ ಶಿಷ್ಯನನ್ನು ಹತ್ತು–ಹದಿನೈದು ಅಡಿ ಹಿಂದಕ್ಕೆ ಕಳಿಸಿದರು. ಇದನ್ನು ಮುಂದೆ ನೆನೆದವಳು ತಂಡದ ಪಿಯಾನೊ ವಾದಕಿ ಲಿಲ್ ಹಾರ್ಡಿನ್. ಮರುವರ್ಷ ಅವಳು ಅವನನ್ನೇ ಮದುವೆಯಾದಳು, ಅದು ಬೇರೆ ಕಥೆ. ಡ್ರಮ್ ಜೋರಾದರೆ ಮುಳ್ಳು ಹಾರುತ್ತಿತ್ತು. ಅದಕ್ಕೇ ಡ್ರಮ್ ವಾದಕ ಬೇಬಿ ಡಾಡ್ಸ್ ಮರದ ತುಂಡು ಕುಟ್ಟಿದ. ಪಕ್ಕದಲ್ಲೇ ರೈಲು ಹಳಿ. ರೈಲು ಬಂತೋ, ಕೆಲಸ ಬಂದ್.

ನಮ್ಮ ಕಡೆ ಮದುವೆಯಲ್ಲಿ ವಾಲಗದವರನ್ನು ಚಪ್ಪರದ ಆ ತುದಿಗೆ ಕೂರಿಸುವುದಿಲ್ವಾ? ಅದೇ ಲೆಕ್ಕ. 'ಚೈಮ್ಸ್ ಬ್ಲೂಸ್' ಹಾಕಿ. ಅದರಲ್ಲಿ ಅವನೊಬ್ಬನೇ ಊದುವ ಒಂದು ಸಣ್ಣ ಭಾಗವಿದೆ. ಅವನ ಕಾರ್ನೆಟ್ ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ಇಷ್ಟಾದ ಮೇಲೂ ರುಚಿಸದಿದ್ದರೆ 1925ರ ನವೆಂಬರ್‌ನಿಂದ ಶುರುವಾದ 'ಹಾಟ್ ಫೈವ್' ರೆಕಾರ್ಡ್‌ಗಳನ್ನು ಕೇಳಿ. ಆಗ ತಂಡ ಅವನದೇ. 1926ರ 'ಹೀಬಿ ಜೀಬೀಸ್'ನಲ್ಲಿ ಮಾತು ಬಿಟ್ಟು ಬರೀ ಸದ್ದುಗಳನ್ನೇ ಹಾಡುತ್ತಾನೆ. ಹಾಡಿನ ಹಾಳೆ ಕೈಜಾರಿ ಬಿತ್ತು, ಅದಕ್ಕೇ ಹಾಗೆ ಹಾಡಿದ ಅಂತ ಕಥೆ. ನಾನಂತೂ ನಂಬುವುದಿಲ್ಲ. ರೂಢಿಯಿಲ್ಲದವನ ಬಾಯಲ್ಲಿ ಅಷ್ಟು ಸಲೀಸಾಗಿ ಬರುತ್ತದಾ? 1928ರ 'ವೆಸ್ಟ್ ಎಂಡ್ ಬ್ಲೂಸ್' ಅನ್ನು ಮಾತ್ರ ರಾತ್ರಿ ಕೇಳಿ. ಶುರುವಿನಲ್ಲಿ ತಾಳವಿಲ್ಲ, ಜೊತೆಗಾರರಿಲ್ಲ. ತುತ್ತೂರಿ ಒಂದೇ ಮೇಲೇರಿ ಇಳಿಯುತ್ತದೆ.

ಇನ್ನು ಪ್ಲೇಟು. ಮೆತ್ತನೆಯ ಒಣಬಟ್ಟೆಯಿಂದ ಗೆರೆಗುಂಟ ಸುತ್ತಿಸಿ ಒರೆಸಿ. ಸ್ಪಿರಿಟ್ ಮುಟ್ಟಿಸಲೇಬೇಡಿ. ಹಳೇ ಪ್ಲೇಟುಗಳಲ್ಲಿ ಅರಗು ಇರುತ್ತದೆ, ಸ್ಪಿರಿಟ್‌ಗೆ ಅದು ಕರಗುತ್ತದೆ. ನಮ್ಮ ಸೋದರಮಾವ ಹಾಸನದಲ್ಲಿ ಮದುವೆಮನೆಗಳಿಗೆ ಪ್ಲೇಟು ಹಾಕುತ್ತಿದ್ದರು, ಕೀ ಕೊಡುವ ಕೆಲಸ ನನ್ನದು. ಒಂದು ಮಳೆಗಾಲ ಜಾಸ್ತಿ ಜಾಣತನ ಮಾಡಿ ಅವರ ಮೂರು ಪ್ಲೇಟುಗಳನ್ನು ಸ್ಪಿರಿಟ್ ಹಾಕಿ ತಿಕ್ಕಿದೆ. ಬಟ್ಟೆ ಕಪ್ಪಾಯಿತು, ಹಾಡು ಹೋಯಿತು. ಮಾವ ವಾರಗಟ್ಟಲೆ ನನ್ನನ್ನು ಕೀ ಮುಟ್ಟಲು ಬಿಡಲಿಲ್ಲ.