ಇನ್ನೂ 12 ಹಲ್ಲುಗಳು ಬೀಳುವುದಿದೆ

ಪ್ರಶ್ನೆ: ನಾನು ತಿಪಟೂರಿನವಳು, ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಕಳೆದ ತಿಂಗಳು ಉತ್ತರಪತ್ರಿಕೆಗಳನ್ನು ತಿದ್ದುತ್ತಾ ಶಾಲೆಯಲ್ಲಿಯೇ ಸಂಜೆಯಾಯಿತು. ಯಜಮಾನರ ಮೊಬೈಲಿಗೆ ಕರೆ ಮಾಡಿ, "ಹಲೋ" ಎಂಬ ಧ್ವನಿ ಕೇಳಿದೊಡನೆ "ರೀ, ಮಕ್ಕಳು ಏನಾದ್ರೂ ತಿಂದ್ರಾ?" ಎಂದೆ. "ಅಮ್ಮಾ, ನಾನೇ ಮಾತಾಡ್ತಿರೋದು" ಎಂದು ಮಗ ನಕ್ಕ. 15 ವರ್ಷ ಒಂದೇ ಮನೆಯಲ್ಲಿ ಕೇಳಿದ ಧ್ವನಿ ನನಗೆ ಗುರುತಾಗಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿರುವ ಅವನು ಇನ್ನು ಕೆಲವು ವಾರಗಳಲ್ಲಿ ಪಿಯುಸಿಗಾಗಿ ಮಂಗಳೂರಿನ ಕಡೆಯ ಹಾಸ್ಟೆಲ್ ಸೇರಲಿದ್ದಾನೆ. ಅವನು ಅಂಗಳದಲ್ಲಿ ಆಡುತ್ತಿದ್ದಾಗ ನಾನು ಅಡುಗೆಮನೆಯಲ್ಲಿದ್ದೆ, ಅವನು ಕಥೆ ಕೇಳಿದಾಗ ಮರುದಿನದ ಪಾಠದ ಟಿಪ್ಪಣಿ ಬರೆಯುತ್ತಿದ್ದೆ. ಎಂಟು ವರ್ಷದ ಮಗಳ ವಿಷಯದಲ್ಲಾದರೂ ಹೀಗಾಗಬಾರದೆಂದು ಈಗ ಒಂದು ಗಳಿಗೆಯನ್ನೂ ಬಿಡದೆ ಅವಳನ್ನೇ ನೋಡುತ್ತಿರುತ್ತೇನೆ. ಮೊನ್ನೆ ಅವಳು "ಯಾಕಮ್ಮ ಹಾಗ್ ನೋಡ್ತೀಯ? ನನಗೇನಾದ್ರೂ ಕಾಯಿಲೆನಾ?" ಎಂದು ಕೇಳಿಬಿಟ್ಟಳು. ದಿನದಿನದ ಈ ಸಣ್ಣ ಸಂತೋಷಗಳನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ?
— ಓರ್ವ ತಾಯಿ, ತಿಪಟೂರು

ಉತ್ತರ: ಪತ್ರ ಓದಿ ಮೊದಲು ನಗು ಬಂತು, ಕ್ಷಮಿಸಿ. ಗಂಡನೆಂದು ತಿಳಿದು ಮಗನನ್ನು "ರೀ" ಎಂದು ಕರೆದ ತಾಯಂದಿರು ಈ ನಾಡಿನಲ್ಲಿ ಬಹಳ ಮಂದಿ ಇರಬೇಕು. ಸಾಮಾನ್ಯವಾಗಿ 12ರಿಂದ 15 ವರ್ಷಗಳ ನಡುವೆ ಹುಡುಗರ ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ಉದ್ದವೂ ದಪ್ಪವೂ ಆಗಿ, ಸ್ವರವು ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಮುಖ ನೋಡುತ್ತಾ ಕೇಳುವ ಕಿವಿಗೆ ಇದು ತಿಳಿಯುವುದಿಲ್ಲ, ಫೋನಿನಲ್ಲಿ ಮುಖ ಮರೆಯಾದಾಗ ತಟ್ಟನೆ ತಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ನೆಂಟರು ಹೊಸಿಲು ದಾಟುವ ಮೊದಲೇ "ಎಷ್ಟೆತ್ತರ ಬೆಳೆದುಬಿಟ್ಟನಲ್ಲ!" ಎನ್ನುತ್ತಾರೆ, ದಿನವೂ ಅನ್ನ ಬಡಿಸುವವಳಿಗೆ ಅದು ಕಾಣುವುದು ಪ್ಯಾಂಟು ಗಿಡ್ಡವಾದಾಗಲೇ. ಆದ್ದರಿಂದ ಆ ಫೋನ್ ಕರೆಯನ್ನು ನಿಮ್ಮ ತಾಯ್ತನದ ಮೇಲಿನ ತೀರ್ಪೆಂದು ಭಾವಿಸಬೇಡಿ.

ಅಡುಗೆಮನೆಯಲ್ಲಿದ್ದೆ ಎಂದು ತಪ್ಪೊಪ್ಪಿಕೊಳ್ಳುವ ಧಾಟಿಯಲ್ಲಿ ಬರೆದಿದ್ದೀರಿ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಭಾರತದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ, ಗಂಡಸರು ವ್ಯಯಿಸುವುದು 97 ನಿಮಿಷ. ಹೆಚ್ಚುಕಡಿಮೆ ಐದು ಗಂಟೆ ಒಲೆ, ಪಾತ್ರೆ, ಬಟ್ಟೆಗಳಿಗೆ ಹೋದ ಮೇಲೆ, ಶಾಲೆಯ ಕೆಲಸವನ್ನೂ ಹೊತ್ತ ಹೆಂಗಸು ಮಗುವಿನ ಆಟ ನೋಡಲಿಲ್ಲವೆಂದು ಕೊರಗುವುದಕ್ಕಿಂತ, ಈ ಲೆಕ್ಕವನ್ನು ಯಜಮಾನರ ಮುಂದಿಟ್ಟು ಸಂಜೆಯ ಪಾತ್ರೆಗಳನ್ನು ಅವರಿಗೆ ವಹಿಸುವುದು ಮೇಲು. (ಈ ಸಾಲನ್ನು ಅವರೂ ಓದುತ್ತಾರೆಂದು ನಂಬಿದ್ದೇನೆ.) ನಮ್ಮ ಅಜ್ಜಿಯರಿಗೂ ಬಿಡುವೆಂಬುದು ಇರಲಿಲ್ಲ. ನಸುಕಿನಲ್ಲಿ ಎದ್ದು ರಾಗಿ, ಜೋಳ ಬೀಸುತ್ತಲೇ ಅವರು ಹಾಡಿದ ತ್ರಿಪದಿಗಳಲ್ಲಿ ಕೂಸಿನ ನಗು, ಅಳು, ಒಳಹೊರಗಿನ ಓಡಾಟಗಳೆಲ್ಲ ತುಂಬಿಕೊಂಡಿವೆ. ಬೀಸುಕಲ್ಲಿನ ಗೂಟ ಬಿಟ್ಟು ಬಂದು ಮಗುವಿನ ಎದುರು ಕುಳಿತವರು ಕಟ್ಟಿದ ಹಾಡುಗಳಲ್ಲ ಅವು. ಕೈ ಕಲ್ಲಿನ ಮೇಲಿದ್ದಾಗಲೇ ಕಣ್ಣು ಬಾಗಿಲ ಕಡೆಗಿತ್ತು. ನೀವೂ ಒಗ್ಗರಣೆ ಹಾಕುತ್ತಲೇ ಕಿಟಕಿಯಿಂದ ಮಗನನ್ನು ನೋಡಿರಲೇಬೇಕು. ಹಾಗೆ ನೋಡಿದ್ದನ್ನು ಯಾರಿಗೂ ಹೇಳದೆ ಉಳಿಸಿಕೊಂಡಿದ್ದೀರಿ, ಅಷ್ಟೇ.

ನಾನು ನಿಮ್ಮಿಂದ ಕೇಳುವುದು ಅದನ್ನು ಹೇಳಬೇಕೆಂದು. ಬಾಲ್ಯದ ಮೊದಲ ವರ್ಷಗಳ ನೆನಪು ದೊಡ್ಡವರಲ್ಲಿ ಉಳಿಯುವುದಿಲ್ಲವೆಂಬುದು ಮನೋವಿಜ್ಞಾನದಲ್ಲಿ ಬಹುಕಾಲದಿಂದ ತಿಳಿದಿರುವ ಸಂಗತಿ; ಹೆಚ್ಚಿನವರ ಮೊಟ್ಟಮೊದಲ ನೆನಪು ಮೂರು, ಮೂರೂವರೆ ವರ್ಷಗಳ ಆಸುಪಾಸಿನದು. ನಿಮ್ಮ ಮಗ ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡು ನಡೆದದ್ದು, ಬೆಳದಿಂಗಳಿನಲ್ಲಿ ಕೈತುತ್ತಿಗಾಗಿ ಬಾಯ್ತೆರೆದು ಕುಳಿತದ್ದು ಅವನಿಗೆ ಗೊತ್ತೇ ಇಲ್ಲ, ನಿಮಗೆ ಮಾತ್ರ ಗೊತ್ತು. ನ್ಯೂಜಿಲೆಂಡಿನ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಲ್ಲಿನ ಯುರೋಪಿಯನ್ ಮೂಲದವರ ಮೊದಲ ನೆನಪು ಸರಾಸರಿ ಮೂರೂವರೆ ವರ್ಷದ್ದಾಗಿದ್ದರೆ, ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಸಮುದಾಯದವರದು ಮೂರು ವರ್ಷಕ್ಕೂ ಕೆಳಗಿನದಾಗಿತ್ತು. ನಡೆದುಹೋದ ಸಂಗತಿಗಳನ್ನು ಮಕ್ಕಳೊಂದಿಗೆ ಮತ್ತೆ ಮತ್ತೆ ಮಾತನಾಡುವ ಅವರ ರೂಢಿಯೇ ಇದಕ್ಕೆ ಕಾರಣವಿರಬಹುದೆಂದು ವಿದ್ವಾಂಸರು ವಿವರಿಸುತ್ತಾರೆ. ಆದುದರಿಂದ ಹೊರಡುವ ಮುನ್ನ ಉಳಿದಿರುವ ವಾರಗಳಲ್ಲಿ ಮಗನಿಗೆ ಹಾಸ್ಟೆಲ್ಲಿನ ಶಿಸ್ತಿನ ಉಪದೇಶ ಸಾಕಷ್ಟು ಕಡಿಮೆ ಮಾಡಿ, ಅವನ ಕಥೆಯನ್ನೇ ಅವನಿಗೆ ಹೇಳಿ. ಎದುರಿಗೆ ಕೂರಿಸಿಕೊಂಡು ಮಾತ್ರ ಹೇಳಬೇಡಿ. ಈ ವಯಸ್ಸಿನ ಹುಡುಗರು ಎದುರು ಕುಳಿತರೆ "ಹೂಂ", "ಊಹೂಂ" ಎಂಬ ಎರಡೇ ಮಾತು ಬಲ್ಲವರು. ತಿಪಟೂರಿನ ಮನೆಯಲ್ಲಿ ತೆಂಗಿನಕಾಯಿಗೆ ಬರವಿರಲಾರದು. ಅವನ ಕೈಗೆ ತುರಿಯುವ ಮಣೆ ಕೊಟ್ಟು, ನೀವು ಹುರುಳಿಕಾಯಿ ಹೆಚ್ಚುತ್ತಾ ಮಾತು ಆರಂಭಿಸಿ. ಅರ್ಧ ಕಾಯಿ ತುರಿಯುವುದರೊಳಗೆ ಅವನೇ ಏನಾದರೂ ಕೇಳುತ್ತಾನೆ. ಅವನು ಕೇಳಿದಾಗ "ನಿನಗೇನು ನೆನಪಿದೆ?" ಎಂದು ನೀವೂ ಕೇಳಿ. ನಿಮಗೆ ಗೊತ್ತಿರದ ನಿಮ್ಮ ಮನೆಯೊಂದು ಅವನ ಬಾಯಿಂದ ಹೊರಬರುವ ಸಾಧ್ಯತೆಯಿದೆ. ಹಲವು ವಸತಿ ಕಾಲೇಜುಗಳಲ್ಲಿ ಮೊಬೈಲ್ ಇಟ್ಟುಕೊಳ್ಳಲು ಬಿಡದೆ ಗೊತ್ತಾದ ದಿನ ಮಾತ್ರ ಮನೆಗೆ ಕರೆ ಮಾಡಿಸುತ್ತಾರೆ. ಆ ಕೆಲವು ನಿಮಿಷಗಳಲ್ಲಿ ಅಂಕಗಳ ವಿಚಾರಣೆಯಾದ ಮೇಲೂ ಮಾತು ಉಳಿಯಬೇಕಾದರೆ ಈ ರೂಢಿ ಈಗಲೇ ಬಿದ್ದಿರುವುದು ಒಳ್ಳೆಯದು.

ಇನ್ನು ಮಗಳ ವಿಷಯ. ಅವಳನ್ನು ದಿಟ್ಟಿಸಿ ನೋಡುವುದನ್ನು ದಯವಿಟ್ಟು ನಿಲ್ಲಿಸಿ. ಅವಳು ಕೇಳಿದ ಪ್ರಶ್ನೆಯಲ್ಲಿ ತಮಾಷೆಗಿಂತ ಭಯ ಹೆಚ್ಚಾಗಿದೆ. ತನ್ನನ್ನು ಕಂಡಾಗಲೆಲ್ಲ ತಾಯಿಯ ಕಣ್ಣು ತುಂಬುವುದಾದರೆ ಬೆಳೆಯುವುದೇ ತಪ್ಪೆಂದು ಮಗುವಿಗೆ ಅನ್ನಿಸದೇ ಇರದು. ಎಂಟು ವರ್ಷವೆಂದಿರಿ, ಮುಂದಿನ ಎಂಟು ಹಾಲುಹಲ್ಲುಗಳು ಬಿದ್ದಿರಬೇಕು. ಹಾಲುಹಲ್ಲುಗಳು ಒಟ್ಟು 20. ಮುಂದಿನವು ಬಿದ್ದ ಮೇಲೆ ಒಂದೆರಡು ವರ್ಷ ಬಿಡುವಿದ್ದು, ಮಿಕ್ಕವು 12ರ ಹೊತ್ತಿಗೆ ಬೀಳುತ್ತವೆ. ಎಂದರೆ ಉದುರಿದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ಸಂಭ್ರಮ ನಿಮ್ಮ ಮನೆಯಲ್ಲಿ ಇನ್ನೂ 12 ಬಾರಿ ನಡೆಯುವುದಿದೆ. (ತಾರಸಿ ಮನೆಯಾದರೆ ಎಸೆಯುವ ಜಾಗವನ್ನು ಅವಳೇ ಆರಿಸಲಿ.) ಎಲ್ಲ ಗಳಿಗೆಗಳನ್ನೂ ಹಿಡಿಯುವ ಹಟ ಬಿಟ್ಟು ದಿನಕ್ಕೊಂದು ಕೆಲಸವನ್ನು ಮಾತ್ರ ಅವಸರವಿಲ್ಲದೆ ಮಾಡಿ. ನನ್ನ ಆಯ್ಕೆ ಬೆಳಗಿನ ಜಡೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು. ಅವಳು ಮೂರನೆಯ ತರಗತಿಯಲ್ಲಿದ್ದರೆ ಐದು ಮುಗಿಯುವುದರೊಳಗೆ 600 ಬೆಳಗುಗಳಾದವು. ಎಣಿಸಬೇಡಿರೆಂದು ಹೇಳಲು ಹೊರಟ ನಾನೇ ಎಣಿಕೆಗಿಳಿದೆ; ಗಣಿತದ ಮೇಡಂ ಮನ್ನಿಸಬೇಕು. ಆ ಹತ್ತು ನಿಮಿಷ ನಿಮ್ಮ ಬೆರಳು ಅವಳ ಕೂದಲಿನಲ್ಲಿರಲಿ, ಮುಖ ಕಾಣದಿರುವುದರಿಂದ ದಿಟ್ಟಿಸುವ ಪ್ರಶ್ನೆಯೂ ಬರುವುದಿಲ್ಲ. ಕೆಲವು ದಿನ ಸಿಕ್ಕು ಬಿಡಿಸುವಾಗ ಜಗಳವಾಗುತ್ತದೆ, ಬಸ್ಸು ತಪ್ಪುತ್ತದೆ, ನೀವು ಗದರುತ್ತೀರಿ. ಅಂಥ ದಿನಗಳನ್ನೂ ಸವಿಯಲೇಬೇಕೆಂಬ ಕಟ್ಟುಪಾಡನ್ನು ಯಾವ ತಾಯಿಯ ಮೇಲೂ ಹೇರಲು ನಾನು ಸಿದ್ಧಳಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ. ಅವನು ಹುಟ್ಟಿದಾಗಿನಿಂದ ತೆಗೆದ ಫೋಟೊಗಳಿಂದ ಫೋನು ಎರಡು ಸಲ ತುಂಬಿದೆ. "ಮಗು ನೋಡೋದು ಬಿಟ್ಟು ಫೋನ್ ನೋಡ್ತೀಯಲ್ಲಮ್ಮ" ಎಂದು ನಮ್ಮ ಅತ್ತೆ ಆಕ್ಷೇಪಿಸುತ್ತಾರೆ. ತೆಗೆಯದಿದ್ದರೆ ಮರೆತುಹೋಗುವುದಿಲ್ಲವೇ?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಅತ್ತೆಯವರ ಪರವಾಗಿ ಒಂದು ಸಾಕ್ಷಿ ಇದೆ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ಅವರು ವಿದ್ಯಾರ್ಥಿಗಳನ್ನು ವಸ್ತುಸಂಗ್ರಹಾಲಯವೊಂದಕ್ಕೆ ಕರೆದೊಯ್ದು, ಕೆಲವು ವಸ್ತುಗಳನ್ನು ಬರಿಗಣ್ಣಿನಿಂದ ನೋಡಲು, ಕೆಲವನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯಲು ಹೇಳಿದರು. ಮರುದಿನ ಪರೀಕ್ಷಿಸಿದಾಗ ಫೋಟೊ ತೆಗೆದ ವಸ್ತುಗಳೇ ಅವರಿಗೆ ಕಡಿಮೆ ನೆನಪಿದ್ದವು. 2014ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ನಿಮ್ಮ ಪರವಾಗಿಯೂ ಒಂದು ಮಾತಿದೆ: ವಸ್ತುವಿನ ಒಂದು ಭಾಗವನ್ನು ಮಾತ್ರ ಹತ್ತಿರಕ್ಕೆಳೆದು ಚಿತ್ರ ತೆಗೆದವರ ನೆನಪು ಹಾಗೆ ಕುಂದಲಿಲ್ಲ. ಆದ್ದರಿಂದ ಮಗುವಿನ ಇಡೀ ದಿನವನ್ನು ಬಾಚಿಕೊಳ್ಳುವ ಬದಲು, ರಾಗಿಮುದ್ದೆ ಹಿಡಿದ ಪುಟ್ಟ ಮುಷ್ಟಿಯ ಒಂದೇ ಚಿತ್ರ ತೆಗೆದು ಫೋನನ್ನು ಕಪಾಟಿನ ಮೇಲಿಡಿ. ತಿಂಗಳ ಕೊನೆಯಲ್ಲಿ ಒಂದು ಸಂಜೆ ಅತ್ತೆಯವರ ಪಕ್ಕದಲ್ಲಿ ಕುಳಿತು ಹತ್ತು ಚಿತ್ರಗಳನ್ನು ಆರಿಸಿ, ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ತಾರೀಖು ಬರೆಯಿರಿ. ಆರಿಸುವಾಗ ನಡೆಯುವ ವಾಗ್ವಾದವನ್ನು ಮಗು ನಡುವೆ ಕುಳಿತು ಕೇಳಲಿ. ಮತ್ತೊಂದು ಮಾತು: ಇಂಥ ಫೋಟೊಗಳಲ್ಲಿ ತಾಯಿಯೇ ಇರುವುದಿಲ್ಲ. ವಾರಕ್ಕೊಮ್ಮೆಯಾದರೂ ಫೋನನ್ನು ಬೇರೆಯವರ ಕೈಗೆ ಕೊಟ್ಟು, ಎಣ್ಣೆಗೂದಲಿನಲ್ಲೇ ಆಗಲಿ, ಮಗುವಿನ ಪಕ್ಕದಲ್ಲಿ ನೀವೂ ನಿಲ್ಲಿ.

ಪ್ರಶ್ನೆ: ಮಗಳ ತೊದಲುಮಾತುಗಳನ್ನು ಬರೆದಿಡಬೇಕೆಂದು ಪುಸ್ತಕ ಕೊಂಡಿದ್ದೇನೆ. ಮೂರು ತಿಂಗಳಾದರೂ ಒಂದು ಸಾಲೂ ಬರೆದಿಲ್ಲ. ಏನು ಬರೆಯಬೇಕು?
— ಓದುಗರು, ಹಾವೇರಿ

ಉತ್ತರ: ಹೊಸ ಪುಸ್ತಕಕ್ಕೆ ನೀವು ಹೆದರಿರಬೇಕು. ಅದನ್ನು ಬದಿಗಿಟ್ಟು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಒಂದು ಶಬ್ದ ಬರೆಯಿರಿ. ಮಗು ಉಚ್ಚರಿಸಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಯಾರಿಗೆ ಹೇಳಿತೆಂಬುದನ್ನೂ ಸೇರಿಸಿದರೆ ಸಾಕು. ವರ್ಷ ಮುಗಿದ ಮೇಲೆ ಕ್ಯಾಲೆಂಡರನ್ನು ರದ್ದಿಗೆ ಹಾಕದೆ ಸುತ್ತಿಡಿ. ನನ್ನ ಮಗಳು ಗುಬ್ಬಚ್ಚಿಯನ್ನು "ಬುಗ್ಗಚ್ಚಿ" ಎಂದೂ ಅಜ್ಜನ ಕನ್ನಡಕವನ್ನು "ಕಡ್ನಕ" ಎಂದೂ ಕರೆದದ್ದು ಹಾಗೆ ಉಳಿದುಕೊಂಡಿದೆ. ಅವಳಿಗೀಗ 31 ವರ್ಷ. ಮೊನ್ನೆ ಊರಿಗೆ ಬಂದವಳು, ನಾನು ಈ ಅಂಕಣ ಬರೆಯಲು ಕುಳಿತು ಮೇಜೆಲ್ಲ ತಡಕಾಡುತ್ತಿದ್ದುದನ್ನು ಕಂಡು, "ಅಮ್ಮ, ಕಡ್ನಕ ತಲೆ ಮೇಲಿದೆ" ಎಂದಳು.